ಡಾಸ್ ಪ್ರೋಗ್ರಾಂಗೆ ಎಷ್ಟು ಮೆಮೊರಿ ಕೊಡಬೇಕು?

ಹಳೆಯ ಲೆಕ್ಕಪತ್ರದ ಡಾಸ್ ಪ್ರೋಗ್ರಾಂ ಒಂದನ್ನು ವಿಂಡೋಸ್‌ನಲ್ಲಿ ತೆರೆದಾಗ ‘ಮೆಮೊರಿ ಸಾಲದು’ ಎಂಬ ಸೂಚನೆ ಬಂದರೆ ನಿಮಗೆ ಅಚ್ಚರಿಯಾಗಬಹುದು. ಯಂತ್ರದಲ್ಲಿ ಮೆಮೊರಿ ಧಾರಾಳವಾಗಿದೆಯಲ್ಲ! ಕೆಲವು ವೇಳೆ ಈ ಧಾರಾಳತನವೇ ತೊಂದರೆಗೆ ಕಾರಣ. ಹೇಗೆಂದು ನೋಡೋಣ.

1981ರಲ್ಲಿ ಬಂದ ಐಬಿಎಂ ಪಿಸಿಯ 8088 ಪ್ರೊಸೆಸರ್ ತಲುಪಬಲ್ಲ ಮೆಮೊರಿ 1 ಮೆಗಾಬೈಟ್ ಮಾತ್ರ. ಅದರಲ್ಲಿ 640 ಕಿಲೋಬೈಟ್ ಪ್ರೋಗ್ರಾಂಗಳಿಗೆ. ಉಳಿದ 384 ಕಿಲೋಬೈಟ್ ಪರದೆ, ಬಯಾಸ್ ಮೊದಲಾದವುಗಳಿಗೆ ಮೀಸಲು. ಈ 640 ಕಿಲೋಬೈಟ್‌ಗೆ ಕನ್ವೆನ್ಷನಲ್ ಮೆಮೊರಿ ಎಂದು ಹೆಸರು. ಇದು ಸಾಲದಾದಾಗ ಇಎಂಎಸ್, ಎಕ್ಸ್‌ಎಂಎಸ್, ಡಿಪಿಎಂಐ ಎಂಬ ಏರ್ಪಾಡುಗಳು ಒಂದೊಂದಾಗಿ ಬಂದವು.

ವಿಂಡೋಸ್ 95 ಮತ್ತು 98, ಹಾರ್ಡ್ ಡಿಸ್ಕಿನ ಸ್ವಲ್ಪ ಜಾಗವನ್ನೂ ಮೆಮೊರಿಯಂತೆ ಬಳಸುತ್ತವೆ. ಇದೇ ವರ್ಚುವಲ್ ಮೆಮೊರಿ. ಆದ್ದರಿಂದ ಡಾಸ್ ಪ್ರೋಗ್ರಾಂ ‘ಎಷ್ಟಿದೆ?’ ಎಂದು ಕೇಳಿದಾಗ ಬಹು ದೊಡ್ಡ ಸಂಖ್ಯೆ ಉತ್ತರವಾಗಿ ಬರಬಹುದು. ಆ ಸಂಖ್ಯೆಯನ್ನು 16 ಬಿಟ್‌ಗಳಲ್ಲಿ, ಧನ-ಋಣ ಚಿಹ್ನೆಯೊಡನೆ ಓದುವ ಪ್ರೋಗ್ರಾಂ 32,767ರವರೆಗೆ ಮಾತ್ರ ಎಣಿಸಬಲ್ಲದು. ಅದಕ್ಕಿಂತ ಒಂದು ಕಿಲೋಬೈಟ್ ಹೆಚ್ಚಾದರೂ ಲೆಕ್ಕ ಋಣಸಂಖ್ಯೆಯಾಗಿಬಿಡುತ್ತದೆ. ಪ್ರೋಗ್ರಾಂ ‘ಏನೂ ಇಲ್ಲ’ ಎಂದುಕೊಳ್ಳುತ್ತದೆ. ಇನ್ನು ಕೆಲವು ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು ಇತರ ಕೆಲಸಗಳನ್ನು ನಿಧಾನಗೊಳಿಸುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತದೆ ಗಾದೆ. ಇಲ್ಲಿ ಕಾಲಿನ ಅಳತೆ ನೋಡಿ ಹಾಸಿಗೆಯನ್ನೇ ಮಡಿಸಬೇಕು.

ಹೀಗೆ ಮಾಡಿ. ಪ್ರೋಗ್ರಾಂನ ಚಿತ್ರದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’ ಆರಿಸಿ, ‘ಮೆಮೊರಿ’ ಪುಟಕ್ಕೆ ಹೋಗಿ. ಎಲ್ಲ ಕಡೆ ‘ಆಟೋ’ ಎಂದಿರುತ್ತದೆ. ಎಕ್ಸ್‌ಎಂಎಸ್ ಮತ್ತು ಇಎಂಎಸ್‌ಗೆ ಇದರ ಅರ್ಥ ‘ಮಿತಿಯಿಲ್ಲ’ ಎಂದು. ಮೊದಲು ಎಕ್ಸ್‌ಎಂಎಸ್‌ಗೆ 8192, ಅಂದರೆ 8 ಮೆಗಾಬೈಟ್, ಆರಿಸಿ ಪ್ರೋಗ್ರಾಂ ನಡೆಸಿ ನೋಡಿ. ಸರಿಹೋಗದಿದ್ದರೆ ಇಎಂಎಸ್‌ಗೂ ಹಾಗೆಯೇ ಮಾಡಿ. ಒಮ್ಮೆಗೆ ಒಂದನ್ನೇ ಬದಲಿಸಿದರೆ ದೋಷ ಎಲ್ಲಿತ್ತೆಂದು ತಿಳಿಯುತ್ತದೆ. ಕನ್ವೆನ್ಷನಲ್ ಮೆಮೊರಿಯನ್ನು ಮುಟ್ಟಬೇಕಾಗಿಲ್ಲ. ಈ ಆಯ್ಕೆಗಳು ಪಿಐಎಫ್ ಎಂಬ ಬೇರೆ ಕಡತದಲ್ಲಿ ಉಳಿಯುವುದರಿಂದ ಮೂಲ ಪ್ರೋಗ್ರಾಂಗೆ ಧಕ್ಕೆಯಿಲ್ಲ.

ನಿಮ್ಮದು 64 ಬಿಟ್ ವಿಂಡೋಸ್ ಆಗಿದ್ದರೆ ಡಾಸ್ ಪ್ರೋಗ್ರಾಂ ನೇರವಾಗಿ ನಡೆಯುವುದೇ ಇಲ್ಲ. ಆಗ ಉಚಿತವಾಗಿ ಸಿಗುವ ಡಾಸ್‌ಬಾಕ್ಸ್ ಬಳಸಿ. ಅದರ ಸಂರಚನಾ ಕಡತದಲ್ಲಿ ‘ಮೆಮ್‌ಸೈಜ್’ ಎಂಬ ಸಾಲಿದೆ. ಅಲ್ಲಿ 8 ಎಂದು ಬರೆದರೆ 8 ಮೆಗಾಬೈಟ್.

ಏನೇ ಮಾಡುವ ಮೊದಲು ದತ್ತಾಂಶದ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಡಿ. ಪ್ರೋಗ್ರಾಂ ಇನ್ನೊಂದು ಸಿಕ್ಕೀತು. ಹಲವು ವರ್ಷಗಳ ಲೆಕ್ಕ ಮತ್ತೆ ಸಿಗದು.