ವೈದ್ಯರ ಮೇಲೆ ದೂರು ಬಂದಾಗ: ತೀರ್ಪಿಗೆ ಮೊದಲು ವಿಚಾರಣೆ

ಹೊಳಲ್ಕೆರೆ ತಾಲೂಕಿನ ಚಿಕ್ಕಜಾಜೂರು ರೈಲ್ವೆ ಜಂಕ್ಷನ್ ಇರುವ ಸಣ್ಣ ಊರು. ಇಂಥ ಊರಿನಲ್ಲಿ ಒಬ್ಬ ಡಾಕ್ಟರ ಮೇಲೆ ದೂರು ಹುಟ್ಟಿದರೆ ಸಂಜೆಯೊಳಗೆ ಚಹಾದಂಗಡಿಯಲ್ಲಿ ತೀರ್ಪೂ ಆಗಿಬಿಡುತ್ತದೆ. ಆ ಡಾಕ್ಟರು ಬೇರೆ ಊರಿನವರೋ, ಬೇರೆ ಧರ್ಮದವರೋ ಆಗಿದ್ದರಂತೂ ಕೇಳುವುದೇ ಬೇಡ. ಆದರೆ ಕಾನೂನಿನ ದಾರಿ ಬೇರೆ. ಅದನ್ನು ರೋಗಿಗಳೂ ವೈದ್ಯರೂ ತಿಳಿದಿರುವುದು ಒಳ್ಳೆಯದು.

ನಮ್ಮ ರಾಜ್ಯದಲ್ಲಿ ಅಲೋಪತಿ ವೈದ್ಯರ ನೋಂದಣಿ ಹಾಗೂ ಶಿಸ್ತಿನ ಹೊಣೆ ಬೆಂಗಳೂರಿನಲ್ಲಿರುವ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನದು. ವೈದ್ಯರ ನಡತೆಗೆ ಸಂಬಂಧಿಸಿದ ನಿಯಮಗಳು 2002ರವು. 2023ರ ಆಗಸ್ಟ್‌ನಲ್ಲಿ ಹೊಸ ನಿಯಮಗಳು ಪ್ರಕಟವಾದರೂ ಅದೇ ತಿಂಗಳು ಅವುಗಳನ್ನು ತಡೆಹಿಡಿದು ಹಳೆಯವನ್ನೇ ಮತ್ತೆ ಜಾರಿಗೆ ತರಲಾಯಿತು. ಇವುಗಳ ಪ್ರಕಾರ ದೂರು ಬಂದ ವೈದ್ಯರಿಗೆ ಸ್ವತಃ ಇಲ್ಲವೇ ವಕೀಲರ ಮೂಲಕ ತಮ್ಮ ಮಾತು ಹೇಳುವ ಅವಕಾಶ ಕೊಡಲೇಬೇಕು. ಆರು ತಿಂಗಳೊಳಗೆ ತೀರ್ಮಾನವಾಗಬೇಕು. ತಪ್ಪು ಸಾಬೀತಾದರೆ ಹೆಸರನ್ನು ನೋಂದಣಿ ಪುಸ್ತಕದಿಂದ ಕೆಲವು ಕಾಲಕ್ಕೆ ಅಥವಾ ಶಾಶ್ವತವಾಗಿ ತೆಗೆಯಬಹುದು. ಹೆಸರು ಹೋದರೆ ವೈದ್ಯರ ಅನ್ನವೇ ಹೋದಂತೆ.

ಕೌನ್ಸಿಲ್ ತೀರ್ಮಾನದ ವಿರುದ್ಧ ವೈದ್ಯರು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮತ್ತು ನೋಂದಣಿ ಮಂಡಳಿಗೆ, ಅಲ್ಲಿಂದ 60 ದಿನಗಳೊಳಗೆ ಆಯೋಗಕ್ಕೇ ಮೇಲ್ಮನವಿ ಸಲ್ಲಿಸಬಹುದು. 2019ರ ಕಾಯ್ದೆಯ ಈ ಕಲಮಿನಲ್ಲಿ ವೈದ್ಯರ ಹೆಸರಿದೆ, ನೊಂದ ರೋಗಿಯ ಹೆಸರಿಲ್ಲ. ಇದೂ ನ್ಯಾಯದ ಪ್ರಶ್ನೆಯೇ.

ವಿಚಾರಣೆಗೆ ಮೊದಲೇ ಶಿಕ್ಷೆಯಾದರೆ ಏನಾಗುತ್ತದೆಂಬುದಕ್ಕೆ ನಮ್ಮ ಮೂಡಿಗೆರೆಯಲ್ಲಿ ಹುಟ್ಟಿದ ಡಾ. ಮೊಹಮ್ಮದ್ ಹನೀಫ್ ಅವರ ಪ್ರಕರಣ ಸಾಕ್ಷಿ. ಅದು ಮೆಡಿಕಲ್ ಕೌನ್ಸಿಲ್‌ನ ಪ್ರಕರಣವಲ್ಲ. ಆದರೂ ಪಾಠ ಒಂದೇ. ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿದ್ದ ಅವರನ್ನು 2007ರ ಜುಲೈ 2ರಂದು ಬಂಧಿಸಿ, 12 ದಿನ ಯಾವ ಆರೋಪವನ್ನೂ ಹೊರಿಸದೆ ಇರಿಸಿಕೊಂಡರು. ಬಂಧುವಿಗೆ ಕೊಟ್ಟಿದ್ದ ಒಂದು ಸಿಮ್ ಕಾರ್ಡೇ ಆರೋಪದ ಆಧಾರ. ಜುಲೈ 16ರಂದು ಕೋರ್ಟು ಜಾಮೀನು ಕೊಟ್ಟಿತು. ಅದೇ ದಿನ ಸಚಿವರು ನಡತೆಯ ಕಾರಣ ಹೇಳಿ ಅವರ ಕೆಲಸದ ವೀಸಾ ರದ್ದು ಮಾಡಿದರು. ಜುಲೈ 27ಕ್ಕೆ ಆರೋಪವೇ ಬಿದ್ದುಹೋಯಿತು. ಆಗಸ್ಟ್‌ನಲ್ಲಿ ಫೆಡರಲ್ ಕೋರ್ಟು ವೀಸಾ ರದ್ದತಿಯನ್ನು ತಳ್ಳಿಹಾಕಿತು. 2008ರ ಕ್ಲಾರ್ಕ್ ವರದಿ ಅವರನ್ನು ನಿರ್ದೋಷಿ ಎಂದಿತು. 2010ರಲ್ಲಿ ಪರಿಹಾರವೂ ಸಿಕ್ಕಿತು. ಅಷ್ಟರಲ್ಲಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅವರ ಹೆಸರು ಬಂದಾಗಿತ್ತು.

ಬ್ರಿಟನ್ನಿನಲ್ಲಿ ಈ ವಿಷಯವನ್ನು ಲೆಕ್ಕ ಹಾಕಿ ನೋಡಿದ್ದಾರೆ. ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್ ಮಾಡಿಸಿದ 2019ರ ಅಧ್ಯಯನದ ಪ್ರಕಾರ, ಆಸ್ಪತ್ರೆಗಳು ಅಲ್ಪಸಂಖ್ಯಾತ ಜನಾಂಗದ ವೈದ್ಯರನ್ನು ಬಿಳಿಯ ವೈದ್ಯರಿಗಿಂತ ಎರಡು ಪಟ್ಟಿಗೂ ಹೆಚ್ಚು ಪ್ರಮಾಣದಲ್ಲಿ ಕೌನ್ಸಿಲ್‌ಗೆ ದೂರುತ್ತಿದ್ದವು. ಹೊರಗಿನಿಂದ ಬಂದವರಿಗೆ ತಪ್ಪನ್ನು ಸಕಾಲದಲ್ಲಿ ತಿಳಿಸಿ ತಿದ್ದುವವರಿಲ್ಲ, ಒಂಟಿಯಾಗಿ ದುಡಿಯುವವರಿಗೆ ಆಸರೆಯಿಲ್ಲ ಎಂಬುದು ಅದು ಕಂಡ ಕಾರಣಗಳಲ್ಲಿ ಕೆಲವು. ಅಂದರೆ ಪಕ್ಷಪಾತ ತೀರ್ಪಿನ ದಿನ ಹುಟ್ಟುವುದಿಲ್ಲ, ಯಾರ ಮೇಲೆ ದೂರು ಕೊಡುತ್ತೇವೆ ಎಂಬಲ್ಲೇ ಹುಟ್ಟುತ್ತದೆ.

ಹಾಗಾದರೆ ರೋಗಿ ಸುಮ್ಮನಿರಬೇಕೆ? ಖಂಡಿತ ಇಲ್ಲ. ತಪ್ಪಾಗಿದ್ದರೆ ಚೀಟಿ, ವರದಿ, ದಿನಾಂಕಗಳೊಂದಿಗೆ ಕೌನ್ಸಿಲ್‌ಗೆ ಲಿಖಿತ ದೂರು ಕೊಡಬೇಕು. ಏನು ನಡೆಯಿತೆಂದು ಬರೆಯಬೇಕೇ ಹೊರತು ಡಾಕ್ಟರು ಯಾರವರೆಂದು ಅಲ್ಲ. ರೋಗಿಯ ಧರ್ಮ, ಅಂತಸ್ತು ನೋಡುವುದಿಲ್ಲವೆಂದು ವೈದ್ಯರು ಪ್ರತಿಜ್ಞೆ ಮಾಡುತ್ತಾರೆ. ವೈದ್ಯರನ್ನು ಅಳೆಯುವ ನಾವೂ ಅದೇ ಅಳತೆಗೋಲು ಹಿಡಿಯಬೇಡವೇ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಇದಕ್ಕೇ.