ಬದುವಿನ ಮೇಲಿನ ಕ್ಯಾಮೆರಾ

ಒಂದು ಊರಿನ ದಿನನಿತ್ಯದ ಬದುಕನ್ನೂ ಅದರ ಸುತ್ತಲಿನ ಹೊಲ, ಹಳ್ಳ, ಹಕ್ಕಿ, ದನಕರುಗಳನ್ನೂ ಸ್ಥಳ, ದಿನಾಂಕ ಸಮೇತ ಚಿತ್ರವಾಗಿ ಉಳಿಸುವ ಕೆಲಸವೇ ಗ್ರಾಮಜೀವನದ ಛಾಯಾಗ್ರಹಣ. ಮದುವೆ ಫೋಟೊಗಿರುವ ಸಂಭಾವನೆ ಇದಕ್ಕಿಲ್ಲ, ಕಾಡಿನ ಹುಲಿ ಚಿತ್ರಕ್ಕಿರುವ ಹೆಸರೂ ಇಲ್ಲ. ಬೇಕಾದದ್ದು ಒಂದೇ ದಾರಿಯಲ್ಲಿ ವರ್ಷವಿಡೀ ನಡೆಯುವ ತಾಳ್ಮೆ. ಬೀದರ್ ಹತ್ತಿರದ ಕಮಠಾಣದಂಥ ಊರು ಇದಕ್ಕೆ ಹೇಳಿ ಮಾಡಿಸಿದಂತಿದೆ. ಊರಲ್ಲಿ ಪಾರ್ಶ್ವನಾಥನ ಹಳೆಯ ಬಸದಿ, ಬೀದರ್ ಕಡೆಗೆ ನಂದಿನಗರದ ಪಶುವೈದ್ಯಕೀಯ ವಿಶ್ವವಿದ್ಯಾಲಯ, ಸುತ್ತಮುತ್ತ ತೊಗರಿ, ಉದ್ದು, ಸೋಯಾ, ಜೋಳದ ಹೊಲಗಳು.

ಬೀದರ್ ಸೀಮೆಗೆ ಕ್ಯಾಮೆರಾ ಬಂದು ನೂರು ವರ್ಷ ಯಾವಾಗಲೋ ದಾಟಿದೆ. ಆರನೇ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕ ಲಾಲಾ ದೀನ್ ದಯಾಳ್ (1844–1905) ಇಲ್ಲಿನ ಮಹಮೂದ್ ಗವಾನ್ ಮದರಸಾದ ಚಿತ್ರ ತೆಗೆದಿದ್ದರು. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಗುಲಾಂ ಯಜ್ದಾನಿಯವರು ಬೀದರಿನ ಇತಿಹಾಸ, ಸ್ಮಾರಕಗಳ ಮೇಲೆ ಬರೆದ ದೊಡ್ಡ ಗ್ರಂಥ 1947ರಲ್ಲಿ ಹೊರಬಂತು. ಅದರ ತುಂಬ ಕೋಟೆ, ಗುಮ್ಮಟ, ಶಾಸನಗಳ ಚಿತ್ರಗಳು. ಸ್ಮಾರಕಗಳ ಪಾಲಿಗೆ ಇವು ಬೆಲೆಕಟ್ಟಲಾಗದ ದಾಖಲೆ. ಆದರೆ ಆ ಕ್ಯಾಮೆರಾಗಳು ಹುಡುಕಿಕೊಂಡು ಬಂದದ್ದು ಕಲ್ಲನ್ನು. ಗುಮ್ಮಟದ ಆಚೆಗಿನ ಹೊಲದಲ್ಲಿ ಕಳೆ ಕೀಳುತ್ತಿದ್ದವರು ಅವುಗಳ ಲೆಕ್ಕಕ್ಕೆ ಬರಲಿಲ್ಲ. ಆ ಬಾಕಿ ತೀರಿಸುವ ಸಾಧನ ಈಗ ಪ್ರತಿಯೊಬ್ಬರ ಜೇಬಿನಲ್ಲಿದೆ.

ಈ ಕೆಲಸದಲ್ಲಿ ಮೊದಲು ಕಲಿಯಬೇಕಾದದ್ದು ಬಿಸಿಲಿನ ಲೆಕ್ಕ. ಬೀದರ್ ಇರುವುದು ಸುಮಾರು 18 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಎರಡನೇ ವಾರದಲ್ಲೊಮ್ಮೆ, ಜುಲೈ ಕೊನೆಗೊಮ್ಮೆ ನಡುಹಗಲಿನ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಬೇಸಿಗೆಯ ಆ ಹೊತ್ತಿನಲ್ಲಿ ಮುಖದ ಚಿತ್ರ ತೆಗೆದರೆ ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಳಿ ಬೀಳುತ್ತವೆ. ಡಿಸೆಂಬರಿನಲ್ಲಿ ಮಧ್ಯಾಹ್ನವೂ ಸೂರ್ಯ 50 ಡಿಗ್ರಿ ಆಸುಪಾಸಿನಲ್ಲೇ ಇರುತ್ತಾನೆ. ಓರೆಬಿಸಿಲು ಜೋಳದ ತೆನೆ, ಮುಖದ ಸುಕ್ಕು ಎಲ್ಲವನ್ನೂ ಬಿಡಿಸಿ ತೋರಿಸುತ್ತದೆ.

ಎರೆಮಣ್ಣು ಇನ್ನೊಂದು ಪರೀಕ್ಷೆ ಒಡ್ಡುತ್ತದೆ. ಚೌಕಟ್ಟಿನ ತುಂಬ ಕಪ್ಪು ಮಣ್ಣಿದ್ದರೆ ಕ್ಯಾಮೆರಾ ಅದನ್ನು ಕತ್ತಲೆ ಎಂದು ತಿಳಿದು ಬೆಳಕು ಹೆಚ್ಚಿಸುತ್ತದೆ; ನಡುವೆ ನಿಂತವರ ಬಿಳಿ ಧೋತರ, ಟೊಪ್ಪಿಗೆ ಬೆಂದುಹೋದಂತೆ ಬೀಳುತ್ತವೆ. ಈ ಭಾಗದ ದೇವಣಿ ತಳಿಯ ಹಲವು ದನಗಳಲ್ಲಂತೂ ಕಪ್ಪು, ಬಿಳುಪು ಎರಡೂ ಒಂದೇ ಮೈಮೇಲೆ. ಬಿಳಿ ಮೈಗೆ ಕಪ್ಪು ಮುಖವಿದ್ದರೆ ವಾನ್ನೆರಾ, ಮೈತುಂಬ ಕಪ್ಪು ಮಚ್ಚೆಗಳಿದ್ದರೆ ಶೇವೆರಾ. ವಾನ್ನೆರಾ ಎತ್ತಿನ ಮುಖಕ್ಕೆ ಬೆಳಕು ಹೊಂದಿಸಿದರೆ ಮೈ ಸುಣ್ಣ ಬಳಿದಂತಾಗುತ್ತದೆ, ಮೈಗೆ ಹೊಂದಿಸಿದರೆ ಕಣ್ಣು ಕಾಣುವುದಿಲ್ಲ. ಎತ್ತನ್ನು ಬೇವಿನ ನೆರಳಿಗೆ ತಂದು ನಿಲ್ಲಿಸುವುದೇ ಸುಲಭದ ಪರಿಹಾರ. ದುಬಾರಿ ಲೆನ್ಸಿಗಿಂತ ಇಂಥ ನೆರಳು ಹೆಚ್ಚು ಕೆಲಸ ಮಾಡುತ್ತದೆ.

ನಿಸರ್ಗದ ಚಿತ್ರಕ್ಕೆ ದೂರ ಹೋಗಬೇಕಿಲ್ಲ. ಮಳೆಗಾಲದಲ್ಲಿ ಹಳ್ಳದ ದಂಡೆಯ ಜಾಲಿ ಗಿಡದಲ್ಲೋ ಈಚಲಲ್ಲೋ ಗೀಜಗ ಗೂಡು ಹೆಣೆಯುತ್ತದೆ. ಹಳದಿ ನೆತ್ತಿಯ ಗಂಡು ಅರ್ಧ ಗೂಡು ಕಟ್ಟಿ, ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ನೋಡಿ ಒಪ್ಪಿದರೆ ಮಾತ್ರ ಕೆಳಗಿನ ಕೊಳವೆ ಪೂರ್ತಿಯಾಗುತ್ತದೆ. ಒಪ್ಪದಿದ್ದರೆ ಟೊಪ್ಪಿಗೆಯಂಥ ಅರೆಗೂಡು ಹಾಗೇ ಜೋತಾಡುತ್ತ ಉಳಿಯುತ್ತದೆ. ಒಂದೇ ಕೊಂಬೆಯ ಚಿತ್ರವನ್ನು ಒಂದೇ ಜಾಗದಲ್ಲಿ ನಿಂತು ವಾರಕ್ಕೊಮ್ಮೆಯಂತೆ ಎರಡು ತಿಂಗಳು ತೆಗೆದರೆ ಯಾವ ಸಂಸಾರ ಕೂಡಿತು, ಯಾವುದು ಮುರಿಯಿತು ಎಂಬುದೆಲ್ಲ ಅದರಲ್ಲಿರುತ್ತದೆ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ತಮ್ಮ ತೋಟದ ಸುತ್ತಲಿನ ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ವರ್ಷಗಟ್ಟಲೆ ಅಲೆದದ್ದು ಕನ್ನಡ ಓದುಗರಿಗೆ ಗೊತ್ತೇ ಇದೆ.

ಬೀದರ್ ಬಯಲಿನ ಕೃಷ್ಣಮೃಗದ ಮಾತು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಅದು. ಬೆನ್ನಟ್ಟಿ, ಬೆದರಿಸಿ ಚಿತ್ರ ತೆಗೆಯುವುದು ತಪ್ಪು. ಹುಲ್ಲಿನಲ್ಲಿ ಅಲುಗಾಡದೆ ಮಲಗಿದ ಮರಿಯನ್ನು ಕಂಡವರು ತಾಯಿ ಬಿಟ್ಟುಹೋಗಿದೆ ಎಂದು ಎತ್ತಿಕೊಳ್ಳಬಾರದು, ತಾಯಿಯೇ ಅದನ್ನು ಅಲ್ಲಿ ಅಡಗಿಸಿರುತ್ತದೆ. ಸಾಮಾನ್ಯವಾಗಿ ಫೋಟೊಗ್ರಾಫರುಗಳು ತಂತಿಬೇಲಿ, ಟ್ರ್ಯಾಕ್ಟರ್, ರೈತ ಯಾವುದೂ ಬೀಳದಂತೆ ಚೌಕಟ್ಟು ಕತ್ತರಿಸಿ ದೊಡ್ಡ ಕಾಡಿನ ಭ್ರಮೆ ಹುಟ್ಟಿಸುತ್ತಾರೆ. ಹಿಂಡು ಮೇಯುತ್ತಿರುವುದು ಒಬ್ಬರ ಬೆಳೆಯನ್ನು ಎನ್ನುವುದೂ ಚಿತ್ರದಲ್ಲಿದ್ದರೆ ಅದು ಹೆಚ್ಚು ಪ್ರಾಮಾಣಿಕ.

ಜನಜೀವನದ ಚಿತ್ರಗಳಿಗೆ ಈ ಭಾಗದಲ್ಲಿ ಎಳ್ಳಮಾವಾಸ್ಯೆಯಂಥ ದಿನ ಇನ್ನೊಂದಿಲ್ಲ. ಊರಿಗೆ ಊರೇ ಹೊಲದಲ್ಲಿರುತ್ತದೆ. ಜೋಳದ ದಂಟಿನ ಕೊಂಪೆ, ಒಳಗೆ ಪಾಂಡವರೆಂದು ಪೂಜೆಗೊಳ್ಳುವ ಐದು ಕಲ್ಲು, ಗಡಿಗೆಯಲ್ಲಿ ಅಂಬಲಿ, ಹಸಿ ಕಾಳು, ಸೊಪ್ಪು ಬೆರೆತ ಭಜ್ಜಿ. ಪೂಜೆ ಮುಗಿಸಿ ಹೊಲದ ತುಂಬ ನೈವೇದ್ಯದ ಚರಗ ಚೆಲ್ಲುವ ಗಳಿಗೆಯೇ ಮುಖ್ಯ. ಷಟರ್ ಸೆಕೆಂಡಿನ 500ರಲ್ಲೊಂದು ಭಾಗಕ್ಕಿದ್ದರೆ ಅಗುಳು ಗಾಳಿಯಲ್ಲೇ ನಿಂತಂತೆ ಕಾಣುತ್ತದೆ, 30ರಲ್ಲೊಂದಕ್ಕಿಳಿಸಿದರೆ ಬೀಸುವ ಕೈ ಗೆರೆಯಾಗಿ ಹರಿಯುತ್ತದೆ. ನೆಲಮಟ್ಟಕ್ಕೆ ಕೂತು ಸೂರ್ಯನಿಗೆ ಎದುರಾಗಿ ತೆಗೆದರೆ ಎರಡೂ ಚೆಂದ. ಅಷ್ಟೂರಿನಲ್ಲಿ ನಡೆಯುವ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಉರುಸೂ ಹೀಗೆಯೇ; ಆತನ ಗೋರಿಗೆ ಮಾಡ್ಯಾಳದ ಜಂಗಮರು ಬರುವ ಆ ಜಾತ್ರೆಯಲ್ಲಿ ಕಟ್ಟಡಕ್ಕಿಂತ ಮುಖಗಳನ್ನು ನೋಡುವುದು ಒಳಿತು.

ಮುಖ ತೆಗೆಯುವಾಗ ಕೇಳಿ ತೆಗೆಯಬೇಕು. "ತೆಗಿಲೇನ್ರಿ ಅವ್ವಾ?" ಎಂದು ಕೇಳಿದರೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಲ್ಲುವವರೇ ಹೆಚ್ಚು, ಮೊದಲಿನ ಸಹಜತೆ ಮರಳುವ ತನಕ ಕಾಯುವುದು ತೆಗೆಯುವವರ ಕೆಲಸ. ಬೇಡವೆಂದರೆ ಬೇಡ. ತೆಗೆದ ಮೇಲೆ ಒಂದು ಪ್ರತಿ ಅವರ ಕೈಗೆ ತಲುಪಬೇಕು.

ಪತ್ರಕರ್ತ ಪಿ. ಸಾಯಿನಾಥ್ 2014ರಲ್ಲಿ ಆರಂಭಿಸಿದ ಗ್ರಾಮೀಣ ಭಾರತದ ಜನತಾ ದಾಖಲೆ 'ಪರಿ' ಇಂಥ ಚಿತ್ರಗಳನ್ನು ಬರಹದೊಂದಿಗೆ ಕನ್ನಡದಲ್ಲೂ ಪ್ರಕಟಿಸಿದೆ. ಹಕ್ಕಿಗಳ ಚಿತ್ರಗಳಿಗೆ 2002ರಿಂದ ಇರುವ 'ಇ-ಬರ್ಡ್' ಜಾಲತಾಣವಿದೆ. ಎರಡೂ ಕಡೆ ಎಲ್ಲಿ, ಯಾವಾಗ ಎಂಬ ವಿವರವಿಲ್ಲದ ಚಿತ್ರಕ್ಕೆ ಅಷ್ಟಾಗಿ ಬೆಲೆಯಿಲ್ಲ. ಮೊಬೈಲ್ ಆ ವಿವರವನ್ನು ಚಿತ್ರದೊಳಗೇ ಬರೆದಿಡಬಲ್ಲದು. ವಾಟ್ಸಾಪಿನಲ್ಲಿ ಮಾಮೂಲಿನಂತೆ ಕಳಿಸಿದಾಗ ಚಿತ್ರ ಕುಗ್ಗುತ್ತದೆ, ವಿವರ ಅಳಿಸಿಹೋಗುತ್ತದೆ. ಹಾಗಾಗಿ ಮೂಲ ಚಿತ್ರವನ್ನು ಬೇರೆಯೇ ತೆಗೆದಿಡಿ, ಊರು, ಹೊಲ, ಬೆಳೆ, ತಾರೀಖು ಇಷ್ಟನ್ನಾದರೂ ಜೊತೆಗೆ ಬರೆದಿಡಿ.