ನಮ್ಮ ರೋಗದ ಕಾಗದ, ನಮ್ಮ ಮೊಬೈಲಿನಲ್ಲಿ: ಅರಭಾವಿ ಕಡೆಯವರು ತಿಳಿದಿರಬೇಕಾದ ಕೆಲವು ಸಂಗತಿಗಳು

ಘಟಪ್ರಭಾ ರೈಲು ನಿಲ್ದಾಣದಲ್ಲಿ ಮಿರಜ ಕಡೆಗೆ ಹೋಗುವ ಗಾಡಿಗೆ ಕಾಯುತ್ತಿರುವವರಲ್ಲಿ ರೋಗಿ ಯಾರೆಂದು ಕೇಳಬೇಕಾಗಿಲ್ಲ. ಕೈಯಲ್ಲಿರುವ ಪ್ಲಾಸ್ಟಿಕ್ ಚೀಲವೇ ಹೇಳುತ್ತದೆ. ಅದರಲ್ಲಿ ಎಕ್ಸರೇ, ರಕ್ತ ಪರೀಕ್ಷೆಯ ವರದಿ, ಮಾಸಿದ ಔಷಧದ ಚೀಟಿಗಳು ಎಲ್ಲವೂ ಇರುತ್ತವೆ. ಡಾ. ವಾನ್ಲೆಸ್ 1894ರಲ್ಲಿ ಮಿಷನ್ ಆಸ್ಪತ್ರೆ ತೆರೆದ ಕಾಲದಿಂದ ಮಿರಜ ಈ ಭಾಗದವರಿಗೆ ಚಿಕಿತ್ಸೆಯ ಊರು. ಅರಭಾವಿ, ಮೂಡಲಗಿ, ಹುಕ್ಕೇರಿ ಕಡೆಯ ರೋಗಿ ಮೊದಲು ಊರ ಆಸ್ಪತ್ರೆ, ಆಮೇಲೆ ಘಟಪ್ರಭಾ ಅಥವಾ ಗೋಕಾಕ, ಅಲ್ಲಿಂದ ಬೆಳಗಾವಿ, ಕೆಲವೊಮ್ಮೆ ಗಡಿ ದಾಟಿ ಮಹಾರಾಷ್ಟ್ರ ಎಂದು ತಿರುಗುವುದು ಸಾಮಾನ್ಯ. ಹೋದಲ್ಲೆಲ್ಲ ಹಳೆಯ ಕಾಗದ ಕೇಳುತ್ತಾರೆ. ಚೀಲ ಮರೆತಿದ್ದರೆ ಪರೀಕ್ಷೆ ಮತ್ತೆ ಮೊದಲಿನಿಂದ, ಖರ್ಚೂ ಮೊದಲಿನಿಂದ.

2019ರ ಆಗಸ್ಟ್‌ನಲ್ಲಿ ಘಟಪ್ರಭಾ ನದಿ ಉಕ್ಕಿ ಗೋಕಾಕದ ಮನೆಗಳಿಗೆ ನೀರು ನುಗ್ಗಿದಾಗ ಜನರು ಕೈಗೆ ಸಿಕ್ಕಿದ್ದನ್ನು ಹಿಡಿದು ಹೊರಬಂದರು. ಅಂಥ ಹೊತ್ತಿನಲ್ಲಿ ಆಸ್ಪತ್ರೆಯ ಫೈಲು ಯಾರಿಗೆ ನೆನಪಾಗುತ್ತದೆ? ಕಾಗದ ಹೋದರೂ ದಾಖಲೆ ಉಳಿಯುವ ದಾರಿಯೊಂದು ಈಗ ಇದೆ. ಆದರೆ ಆ ದಾರಿಯಲ್ಲಿ ಎಚ್ಚರದಿಂದ ನಡೆಯಬೇಕು.

ಕೇಂದ್ರ ಸರಕಾರವು 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎಂಬ ಯೋಜನೆಯನ್ನು ದೇಶದಾದ್ಯಂತ ಆರಂಭಿಸಿತು. ಇದರಲ್ಲಿ ಪ್ರತಿಯೊಬ್ಬರಿಗೆ 14 ಅಂಕಿಗಳ ಒಂದು ಸಂಖ್ಯೆ ಸಿಗುತ್ತದೆ. ಅದಕ್ಕೆ ಆಭಾ ಸಂಖ್ಯೆ ಎನ್ನುತ್ತಾರೆ. ಇದನ್ನು ಮಾಡಿಸಿಕೊಳ್ಳಲು ಹಣ ಕೊಡಬೇಕಾಗಿಲ್ಲ. ಇಲ್ಲಿ ಒಂದು ಗೊಂದಲವನ್ನು ಮೊದಲೇ ಬಿಡಿಸುವುದು ಒಳ್ಳೆಯದು. ಆಸ್ಪತ್ರೆ ಖರ್ಚು ಭರಿಸುವ ಆಯುಷ್ಮಾನ್ ಕಾರ್ಡ್ ಬೇರೆ, ಈ ಆಭಾ ಬೇರೆ. ಆಭಾದಿಂದ ಒಂದು ರೂಪಾಯಿ ನೆರವೂ ಬರುವುದಿಲ್ಲ. ಅದು ದಾಖಲೆಗಳನ್ನು ಜೋಡಿಸುವ ದಾರ ಮಾತ್ರ. ಕಡ್ಡಾಯವೂ ಅಲ್ಲ, ಬೇಡವೆನಿಸಿದರೆ ರದ್ದುಪಡಿಸಬಹುದು. ಆಭಾ ಇಲ್ಲವೆಂದು ಚಿಕಿತ್ಸೆ ನಿರಾಕರಿಸುವಂತಿಲ್ಲ.

ಇದು ಕೆಲಸ ಮಾಡುವ ಬಗೆ ಹೀಗೆ. ನಮ್ಮ ವರದಿಗಳೆಲ್ಲ ದೆಹಲಿಯ ಒಂದು ಕಂಪ್ಯೂಟರಿನಲ್ಲಿ ರಾಶಿ ಬೀಳುವುದಿಲ್ಲ. ಯಾವ ಆಸ್ಪತ್ರೆ ಬರೆಯಿತೋ ಅಲ್ಲಿಯೇ ಇರುತ್ತವೆ. ಆಸ್ಪತ್ರೆಯು ಯೋಜನೆಗೆ ಸೇರಿದ್ದು, ನಾವು ಚೀಟಿ ಮಾಡಿಸುವಾಗ ಆಭಾ ಸಂಖ್ಯೆ ಕೊಟ್ಟಿದ್ದರೆ, ಆ ದಾಖಲೆಯನ್ನು ಆಭಾ ಆ್ಯಪ್‌ನಲ್ಲಿ ತೆರೆದು ನೋಡಬಹುದು. ಬೇರೆ ಊರಿನ ವೈದ್ಯರು ನೋಡಬೇಕಾದರೆ ನಮ್ಮ ಮೊಬೈಲಿಗೆ ಒಂದು ಕೋರಿಕೆ ಬರುತ್ತದೆ. ಯಾವ ಬಗೆಯ ದಾಖಲೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗಿನದು, ಎಷ್ಟು ದಿನ ನೋಡಬಹುದು ಎಂಬುದೆಲ್ಲ ಅದರಲ್ಲಿರುತ್ತದೆ. ಹೆಚ್ಚಿನವರು ಓದದೆ ಒಪ್ಪಿಗೆ ಒತ್ತಿಬಿಡುತ್ತಾರೆ. ಹಾಗೆ ಮಾಡಬೇಡಿ. ಮೊಣಕಾಲು ನೋವಿಗೆ ಹೋದವರು ಹತ್ತು ವರ್ಷದ ಹಿಂದಿನ ಮಾನಸಿಕ ಚಿಕಿತ್ಸೆಯ ಕಾಗದ ತೋರಿಸಬೇಕಾಗಿಲ್ಲ. ದಿನಾಂಕವನ್ನು ಕಡಿಮೆ ಮಾಡಬಹುದು, ಒಪ್ಪಿಗೆಯನ್ನು ಆಮೇಲೆ ಹಿಂದಕ್ಕೆ ಪಡೆಯಲೂಬಹುದು.

ಇನ್ನು ನಿಜವಾದ ಅಪಾಯದ ಮಾತು. ಅದು ದೂರದ ಕಳ್ಳರಿಂದ ಬರುವುದಕ್ಕಿಂತ ಹತ್ತಿರದವರಿಂದ ಬರುವುದೇ ಹೆಚ್ಚು. ಹಳ್ಳಿಯ ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್ ಇರುತ್ತದೆ. ಆಸ್ಪತ್ರೆಯಲ್ಲಿ ಕೊಟ್ಟ ನಂಬರು ಮಗನದೋ, ಮೈದುನನದೋ, ಪಕ್ಕದ ಮನೆಯವರದೋ ಆಗಿರುತ್ತದೆ. ಒಟಿಪಿ ಅಲ್ಲಿಗೆ ಹೋಗುತ್ತದೆ, ವರದಿಯೂ ಅಲ್ಲಿಗೇ. ಕ್ಷಯ, ಎಚ್‌ಐವಿ, ಗರ್ಭಪಾತ, ಮನಸ್ಸಿನ ಕಾಯಿಲೆ ಇಂಥ ವಿಷಯ ಮನೆಯವರಿಗೆ ಮೊದಲು ತಿಳಿದರೆ ಸೊಸೆಯ ಬಾಳು ಏನಾಗಬಹುದು, ಮಗಳ ಮದುವೆ ಏನಾಗಬಹುದು ಎಂದು ವಿವರಿಸಬೇಕಾಗಿಲ್ಲ. ಆದುದರಿಂದ ಚೀಟಿ ಮಾಡಿಸುವಾಗ ಸಾಧ್ಯವಾದಷ್ಟು ಮಟ್ಟಿಗೆ ಸ್ವಂತ ನಂಬರನ್ನೇ ಕೊಡಬೇಕು. ಸಾಧಾರಣ ಗುಂಡಿ ಫೋನಾದರೂ ಒಟಿಪಿ ಬರುತ್ತದೆ. ಹಳೆಯ ನಂಬರು ಬದಲಾಗಿದ್ದರೆ ಆಸ್ಪತ್ರೆಯಲ್ಲಿಯೂ ಆಭಾದಲ್ಲಿಯೂ ತಿದ್ದಿಸಬೇಕು. ಬಿಟ್ಟುಹೋದ ನಂಬರು ಕೆಲವು ತಿಂಗಳ ನಂತರ ಬೇರೆಯವರ ಪಾಲಾಗುತ್ತದೆ. ಮನೆಮಂದಿಗೆಲ್ಲ ಒಂದೇ ಫೋನಾದರೆ ಆ್ಯಪ್‌ಗೆ ಬೇರೆ ಗುಪ್ತ ಸಂಖ್ಯೆ ಇಟ್ಟುಕೊಳ್ಳಿ.

ಎರಡನೆಯದು ಝೆರಾಕ್ಸ್ ಅಂಗಡಿ. ಬಸ್ ನಿಲ್ದಾಣದ ಪಕ್ಕದ ಅಂಗಡಿಯ ವಾಟ್ಸಾಪ್‌ಗೆ ವರದಿ ಕಳುಹಿಸಿ ಪ್ರಿಂಟ್ ತೆಗೆಸುವುದು ಎಲ್ಲ ಊರಿನ ರೂಢಿ. ಪ್ರಿಂಟ್ ತೆಗೆದುಕೊಂಡು ನಾವು ಹೊರಟು ಬರುತ್ತೇವೆ, ವರದಿ ಅಲ್ಲಿಯೇ ಉಳಿಯುತ್ತದೆ. ಅಂಗಡಿಯವರು ಒಳ್ಳೆಯವರೇ ಇರಬಹುದು, ಆದರೆ ಅವರ ಕಂಪ್ಯೂಟರಿನ ಮುಂದೆ ದಿನವಿಡೀ ಯಾರ್ಯಾರೋ ನಿಲ್ಲುತ್ತಾರೆ. ಪ್ರಿಂಟ್ ಆದ ಕೂಡಲೇ ನಮ್ಮ ಎದುರಿಗೇ ಅಳಿಸಲು ಹೇಳುವುದರಲ್ಲಿ ಸಂಕೋಚ ಬೇಡ. ಗ್ರಾಮ ಒನ್ ಕೇಂದ್ರದಲ್ಲಾಗಲಿ ಸೈಬರ್ ಅಂಗಡಿಯಲ್ಲಾಗಲಿ ಲಾಗಿನ್ ಆದರೆ ಹೊರಡುವ ಮುನ್ನ ಲಾಗೌಟ್ ಆಗಬೇಕು, ಡೌನ್‌ಲೋಡ್ ಆದ ಪಿಡಿಎಫ್ ತೆಗೆದುಹಾಕಬೇಕು. ಕುಟುಂಬದ ವಾಟ್ಸಾಪ್ ಗುಂಪಿಗೆ ಅಪ್ಪನ ಸ್ಕ್ಯಾನಿಂಗ್ ವರದಿ ಹಾಕುವವರಿಗೂ ಇದೇ ಮಾತು.

ಆಭಾ ಕಾರ್ಡ್ ಮಾಡಿಕೊಡುತ್ತೇವೆ, ಒಟಿಪಿ ಹೇಳಿ ಎಂದು ಫೋನ್ ಬಂದರೆ ಇಟ್ಟುಬಿಡಿ. ವಾಟ್ಸಾಪ್‌ನಲ್ಲಿ ಬಂದ ಕೊಂಡಿಯಿಂದ ಆ್ಯಪ್ ಇಳಿಸಿಕೊಳ್ಳಬೇಡಿ, ಪ್ಲೇ ಸ್ಟೋರ್‌ನಿಂದ ಮಾತ್ರ ಹಾಕಿಕೊಳ್ಳಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಹಾಗೆಂದು ಎಲ್ಲವೂ ಮೊಬೈಲಿನಲ್ಲಿ ಸಿಗುತ್ತದೆಂದು ಭಾವಿಸಬಾರದು. ಯೋಜನೆಗೆ ಸೇರದ ಸಣ್ಣ ದವಾಖಾನೆಗಳ ಕಾಗದ, ಹಳೆಯ ಚೀಟಿಗಳು ಅದರಲ್ಲಿ ತಾನಾಗಿ ಬರುವುದಿಲ್ಲ. ಅವುಗಳ ಫೋಟೋ ತೆಗೆದು ನಾವೇ ಸೇರಿಸಬೇಕು. ದೊಡ್ಡ ಆಸ್ಪತ್ರೆಯ ಕಂಪ್ಯೂಟರೂ ಕೈಕೊಡುತ್ತದೆ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ದಾಳಿಯಾಗಿ ಹಲವು ದಿನ ಕೆಲಸವೆಲ್ಲ ಕೈಬರಹದಲ್ಲಿಯೇ ನಡೆಯಿತು. ಮುಖ್ಯವಾದ ಕಾಗದವನ್ನು, ಅದರಲ್ಲೂ ಡಿಸ್ಚಾರ್ಜ್ ಸಮ್ಮರಿಯನ್ನು, ಎಸೆಯಬೇಡಿ.

ಕಾಗದ ಕೇಳುವ ಹಕ್ಕು ಆಭಾಕ್ಕಿಂತ ಮೊದಲೇ ಬಂದದ್ದು. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಪ್ರಕಾರ, ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು. ರೋಗಿಯೇ ಆಗಲಿ, ಅವರು ಅಧಿಕಾರ ಕೊಟ್ಟ ಆಪ್ತರೇ ಆಗಲಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬಾಯಿಮಾತಿಗಿಂತ ಅರ್ಜಿ ಬರೆದು ಒಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದು ಉತ್ತಮ. ಅರ್ಜಿಯಲ್ಲಿ ರೋಗಿಯ ಹೆಸರು, ದಾಖಲಾದ ದಿನಾಂಕ, ಒಳರೋಗಿ ಸಂಖ್ಯೆ ಇದ್ದರೆ ಸಾಕು. ಆ ಸಂಖ್ಯೆ ಬಿಲ್ಲಿನ ಮೇಲೆ ಸಾಮಾನ್ಯವಾಗಿ ಇರುತ್ತದೆ.